ನಿಮಗಿದು ಗೊತ್ತೆ? ಒಣನಾಡಿಗೆ ಹಿಂಗಾರಿನ ಗಂಡಾಂತರ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಯಲು ಪಶ್ಚಿಮಘಟ್ಟದ ಮಳೆನೆರಳಿನ ನಾಡು. ಮುಂಗಾರಿನಲ್ಲಿ ವಾಲ್ಪಾರೈ ಬಳಿಯ ಚಿನ್ನಕಲ್ಲಾರ್ ತೊಯ್ದು ತೊಪ್ಪೆಯಾಗುತ್ತಿದ್ದರೆ, ಪಲ್ಲಡಂ, ಧಾರಾಪುರಗಳಿಗೆ ಸಿಗುವುದು ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿಯೇ ಹೆಚ್ಚು. (ಗಾಳಿಯಂತ್ರಗಳಿಗಂತೂ ಅದೇ ಸುಗ್ಗಿ!)

ಬಯಲಿನವರು ಕಾಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿಗೆ. ಅಪಾಯವೂ ಆಗಲೇ. ಬಂಗಾಳ ಕೊಲ್ಲಿಯ ತೇವದ ಗಾಳಿ ನೀಲಗಿರಿಯ ಪೂರ್ವದ ಇಳಿಜಾರಿಗೆ ಬಡಿದು ಮೇಲೇರಿ ಒಮ್ಮೆಲೇ ಮಳೆ ಸುರಿಸುತ್ತದೆ. ನೆನೆದ ಮಣ್ಣು ಜಾರುತ್ತದೆ. ಮೆಟ್ಟುಪಾಳಯಂ–ಕೂನೂರು ಬೆಟ್ಟದ ರೈಲು ಈ ತಿಂಗಳುಗಳಲ್ಲಿ ಪದೇ ಪದೇ ನಿಲ್ಲುವುದು ಇದರಿಂದಲೇ. 2009ರ ನವೆಂಬರ್‌ನಲ್ಲಿ ನೀಲಗಿರಿಯ ಭೂಕುಸಿತಗಳು 40ಕ್ಕೂ ಹೆಚ್ಚು ಜನರನ್ನು ಬಲಿ ಪಡೆದವು. 2019ರ ಡಿಸೆಂಬರ್ 2ರ ನಸುಕಿನಲ್ಲಿ, ಮೆಟ್ಟುಪಾಳಯಂ ಬಳಿಯ ನಡೂರಿನಲ್ಲಿ ಮಳೆಗೆ ನೆನೆದ ಕಾಂಪೌಂಡ್ ಗೋಡೆ ಬಡವರ ಮನೆಗಳ ಮೇಲೆ ಉರುಳಿ 17 ಮಂದಿ ಸತ್ತರು. ಅಲ್ಲಿ ಕೊಂದದ್ದು ಮಳೆಯೊಂದೇ ಅಲ್ಲ, ಗೋಡೆಯ ಎತ್ತರವೂ ಹೌದು.

ವೆಳ್ಳಿಯಂಗಿರಿಯಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರು ನಗರಗಳೆರಡನ್ನೂ ಹಾಯುವ ನೊಯ್ಯಲ್ ನದಿ ಮಳೆಗಾಲ ಬಿಟ್ಟರೆ ಸೊರಗಿರುತ್ತದೆ. ಅದನ್ನು ನಂಬಿ ಹಳ್ಳದ ಅಂಚಿನಲ್ಲಿ ಮನೆ ಕಟ್ಟಿದವರಿಗೆ 2011ರ ನವೆಂಬರ್‌ನಲ್ಲಿ ತಿರುಪ್ಪೂರಿನ ನೆರೆ ಬುದ್ಧಿ ಕಲಿಸಿತು.

ಉಡುಮಲೈ ಬಳಿಯ ಪಂಚಲಿಂಗ ಜಲಪಾತಕ್ಕೆ ಹೊರಟಿದ್ದೀರಾ? ಕೆಳಗೆ ಬಿಸಿಲಿದ್ದರೂ ಬೆಟ್ಟದ ಮೇಲೆ ಮಳೆಯಾದರೆ ನೀರು ಏಕಾಏಕಿ ನುಗ್ಗುತ್ತದೆ. ಸ್ನಾನಕ್ಕೆ ನಿಷೇಧವಿದ್ದರೆ ವಾದಿಸದೆ ಹಿಂದಿರುಗಿ.