ರಿಯೋಹಾದ ಹಳೆಯ ದ್ರಾಕ್ಷಾಸವ

ಮದ್ಯವೆಂದೊಡನೆ ಮುಖ ತಿರುಗಿಸುವ ಗೃಹಸ್ಥರು ಕ್ಷಮಿಸಬೇಕು. ಈ ಲೇಖನವು ಪಾನಕ್ಕಾಗಿ ಅಲ್ಲ, ಪರಿಜ್ಞಾನಕ್ಕಾಗಿ. ಸ್ಪೇನ್ ದೇಶದ ಉತ್ತರದಲ್ಲಿ, ಎಬ್ರೋ ನದಿಯ ದಡದಲ್ಲಿ, ರಿಯೋಹಾ ಎಂಬ ಸೀಮೆಯಿದೆ. ಅಲ್ಲಿಯ ಮುಖ್ಯ ದ್ರಾಕ್ಷಿ ಟೆಂಪ್ರಾನೀಯೊ. ಬೇಗನೆ ಮಾಗುವುದರಿಂದಲೇ ಅದಕ್ಕೆ ಆ ಹೆಸರು. ಹಣ್ಣಿಗೆ ತ್ವರೆ, ರಸಕ್ಕೆ ಮಾತ್ರ ದೀರ್ಘ ತಪಸ್ಸು! 'ಗ್ರಾನ್ ರೆಸೆರ್ವಾ' ಎನಿಸಿಕೊಳ್ಳಬೇಕಾದ ಕೆಂಪು ಆಸವವು 5 ವರ್ಷ ಹಳೆಯದಾಗಬೇಕು. ಅದರಲ್ಲಿ ಕನಿಷ್ಠ 2 ವರ್ಷ ಓಕ್ ಮರದ ಪೀಪಾಯಿಯಲ್ಲಿಯೂ 2 ವರ್ಷ ಸೀಸೆಯಲ್ಲಿಯೂ ಕಳೆಯಬೇಕು. ಮರದ ಮೂಲಕ ವಾಯುವು ಲೇಶಲೇಶವಾಗಿ ಪ್ರವೇಶಿಸಿ ಒಗರನ್ನು ಶಮನಗೊಳಿಸುತ್ತದೆ. ಗಾಢವಾದ ಕೆಂಪು ಕ್ರಮೇಣ ಇಟ್ಟಿಗೆಯ ಛಾಯೆಗೆ ತಿರುಗುತ್ತದೆ. ಮರವು ಅಮೆರಿಕದ ಓಕ್ ಆಗಿದ್ದರೆ ವೆನಿಲ್ಲಾ, ತೆಂಗಿನಕಾಯಿಗಳ ಪರಿಮಳವೂ ಸೇರುತ್ತದೆ.

ಈ ಪೀಪಾಯಿಯ ವಿದ್ಯೆಯನ್ನು ರಿಯೋಹಾದವರು ಕಲಿತದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದಿಂದ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಕೀಟವು ಫ್ರಾನ್ಸಿನ ಬಳ್ಳಿಗಳ ಬೇರು ಹೀರಿ ತೋಟಗಳನ್ನು ಹಾಳುಗೆಡವಲು, ಅಲ್ಲಿಯ ವರ್ತಕರು ಆಸವವನ್ನು ಅರಸಿ ರಿಯೋಹಾಕ್ಕೆ ಬಂದರು. ನೆರೆಯವರ ವಿಪತ್ತು ಇವರಿಗೆ ಸಂಪತ್ತಾಯಿತು. ಆದರೆ 1899ರಲ್ಲಿ ಅದೇ ಕೀಟ ಇಲ್ಲಿಯೂ ಕಾಣಿಸಿಕೊಂಡಿತು. ಕೀಟದ ತವರು ಅಮೆರಿಕ. ವಿಚಿತ್ರವೆಂದರೆ ಪರಿಹಾರವೂ ಅಲ್ಲಿಯದೇ. ಕೀಟವನ್ನು ತಾಳಬಲ್ಲ ಅಮೆರಿಕದ ದ್ರಾಕ್ಷಿಯ ಬೇರಿಗೆ ಸ್ಪೇನಿನ ಬಳ್ಳಿಯನ್ನು ಕಸಿಕಟ್ಟಿದರು. ಇಂದಿಗೂ ರಿಯೋಹಾದ ಬಹುಪಾಲು ಬಳ್ಳಿಗಳು ನಿಂತಿರುವುದು ಆ ಪರದೇಶದ ಬೇರಿನ ಮೇಲೆಯೇ.