ಮಾನೋವಾ ಕಣಿವೆಯ ರಂಗಶಾಲೆ

ಒಂದು ನಾಟಕಕ್ಕೆ ಆರು ತಿಂಗಳ ತಾಲೀಮು, ಪ್ರದರ್ಶನ ಬೆರಳೆಣಿಕೆಯಷ್ಟು. ಲೆಕ್ಕ ಬಲ್ಲ ಯಾವ ನಾಟಕ ಕಂಪನಿಯ ಮಾಲೀಕನೂ ಇಂಥ ವ್ಯವಹಾರಕ್ಕೆ ಕೈಹಾಕಲಾರ. ಹಗಲೆಲ್ಲ ನೌಕರಿ ಮಾಡಿ ಸಂಜೆ ಹೊತ್ತು ಸೇರುವ ನಮ್ಮ ಹವ್ಯಾಸಿ ತಂಡಗಳಿಗೂ ಅದು ಆಗಹೋಗದ ಮಾತು. ಹವಾಯಿ ವಿಶ್ವವಿದ್ಯಾಲಯದ ರಂಗಭೂಮಿ ಮತ್ತು ನೃತ್ಯ ವಿಭಾಗ ಮಾತ್ರ ದಶಕಗಳಿಂದ ಇದನ್ನು ಮಾಡಿಕೊಂಡು ಬಂದಿದೆ. ಪೆಸಿಫಿಕ್ ಸಾಗರದ ನಡುವಿನ ಹೊನೊಲುಲು ನಗರದಲ್ಲಿ, ಮಾನೋವಾ ಎಂಬ ಹಸಿರು ಕಣಿವೆಯಲ್ಲಿ ಇದರ ಕ್ಯಾಂಪಸ್ಸು. ಜಪಾನಿನ ಕಬುಕಿ, ಚೀನಾದ ಜಿಂಗ್‌ಜು, ಸುಮಾತ್ರಾದ ರಂದಾಯಿ, ಇವನ್ನೆಲ್ಲ ಇಲ್ಲಿನ ವಿದ್ಯಾರ್ಥಿಗಳು ಆಯಾ ಪರಂಪರೆಯ ಗುರುಗಳಿಂದಲೇ ಕಲಿತು, ಬಹುಪಾಲು ಇಂಗ್ಲಿಷಿನಲ್ಲಿ ಆಡುತ್ತಾರೆ. ವಿಶ್ವವಿದ್ಯಾಲಯಕ್ಕೊಂದು ರಂಗವಿಭಾಗ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ವಿಭಾಗವನ್ನೇ.

ಇದರ ಅಡಿಪಾಯದಲ್ಲಿ ಒಂದು ವಿಚಿತ್ರ ಚರಿತ್ರೆ ಇದೆ. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನನ್ನು ಅಮೆರಿಕದ ಸೈನ್ಯ ಆಳುತ್ತಿದ್ದಾಗ ನಾಟಕಗಳಿಗೂ ಸೆನ್ಸಾರ್ ಇತ್ತು. ಸ್ವಾಮಿನಿಷ್ಠೆ, ಸೇಡು, ಆತ್ಮಬಲಿಗಳ ಕಥೆಗಳು ಹಳೆಯ ಯುದ್ಧೋನ್ಮಾದವನ್ನು ಮತ್ತೆ ಕೆದಕುತ್ತವೆ ಎಂಬ ಭಯದಿಂದ ಎಷ್ಟೋ ಕಬುಕಿ ನಾಟಕಗಳಿಗೆ ತಡೆ ಬಿತ್ತು. ಟೋಕಿಯೊದಲ್ಲಿ ಆ ರಂಗಭೂಮಿ ಸೆನ್ಸಾರ್ ಘಟಕದ ಮುಖ್ಯಸ್ಥರಾಗಿದ್ದವರು ಅರ್ಲ್ ಅರ್ನ್ಸ್ಟ್. ಯಾವ ಕಲೆಯ ಹಸ್ತಪ್ರತಿಗಳ ಮೇಲೆ ಗೀಟು ಹಾಕುವ ಅಧಿಕಾರ ಅವರಿಗಿತ್ತೋ ಅದೇ ಕಲೆ ಅವರನ್ನು ಹಿಡಿದುಕೊಂಡಿತು. ಮುಂದೆ ಅವರು ಹವಾಯಿಯಲ್ಲಿ ಪಾಠ ಹೇಳಿದರು, 1956ರಲ್ಲಿ ಕಬುಕಿಯ ಬಗ್ಗೆ ಇಂಗ್ಲಿಷಿನಲ್ಲಿ ಇಂದಿಗೂ ಓದಬೇಕಾದ ಪುಸ್ತಕ ಬರೆದರು, ತಮ್ಮ ವಿದ್ಯಾರ್ಥಿಗಳಿಂದ ಕಬುಕಿ ಆಡಿಸಿದರು. ವಿಭಾಗದ ಪ್ರಾಯೋಗಿಕ ರಂಗಮಂದಿರಕ್ಕೆ ಇವತ್ತು ಅವರದೇ ಹೆಸರು.

ಮುಖ್ಯ ರಂಗಮಂದಿರ ಕೆನಡಿ ಥಿಯೇಟರ್. ಅಧ್ಯಕ್ಷ ಕೆನಡಿ ಕೊಲೆಯಾದ 1963ರಲ್ಲೇ ತೆರೆದ ಈ ಕಟ್ಟಡದ ವಿನ್ಯಾಸ ಐ.ಎಂ. ಪೇ ಅವರದು, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಅಂಗಳದ ಗಾಜಿನ ಪಿರಮಿಡ್ ಕಟ್ಟಿದವರೂ ಅವರೇ. ಪಾಶ್ಚಾತ್ಯ ನಾಟಕಕ್ಕೂ ಏಷ್ಯಾದ ನಾಟಕಕ್ಕೂ ಒಗ್ಗುವಂತೆ ಮೊದಲೇ ಯೋಚಿಸಿ ಕಟ್ಟಿದ ರಂಗವಿದು. ಕಬುಕಿಗೆ ಪ್ರೇಕ್ಷಕರ ನಡುವೆ ಹಾದುಹೋಗುವ ಉದ್ದನೆಯ ನಡೆದಾರಿ ಬೇಕು. ಹನಮಿಚಿ ಎಂದು ಅದರ ಹೆಸರು. ಪಾತ್ರದ ಠೀವಿಯ ಪ್ರವೇಶ, ಕೆಚ್ಚಿನ ನಿರ್ಗಮನ ಎಲ್ಲ ಆ ದಾರಿಯ ಮೇಲೆಯೇ. ಮೊದಲು ಸಭಾಂಗಣ ಕಟ್ಟಿ, ಆಮೇಲೆ ಅದರೊಳಗೆ ನಾಟಕವನ್ನು ಹೇಗೋ ತುರುಕುವ ನಮ್ಮ ಬಹುತೇಕ ಕಲಾಮಂದಿರಗಳನ್ನು ಬಲ್ಲವರಿಗೆ ಈ ಮುಂದಾಲೋಚನೆಯ ಬೆಲೆ ಹೆಚ್ಚು ವಿವರಿಸಬೇಕಿಲ್ಲ.

ವಿಭಾಗಕ್ಕೆ ಈಗಿನ ರೂಪ ಬಂದದ್ದು ಜೇಮ್ಸ್ ಬ್ರಾಂಡನ್ ಕಾಲದಲ್ಲಿ. ಅಮೆರಿಕ ಸರ್ಕಾರದ ವಿದೇಶಾಂಗ ಸೇವೆಯಲ್ಲಿದ್ದುಕೊಂಡು ಏಷ್ಯಾದ ದೇಶಗಳನ್ನು ಸುತ್ತಿದ್ದ ಬ್ರಾಂಡನ್, ಆಮೇಲೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1968ರಲ್ಲಿ ಹವಾಯಿಗೆ ಬಂದರು. ಏಷ್ಯಾದ ರಂಗಭೂಮಿಯನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದರೆ ಸಾಲದು, ಅದು ಮೈಗೆ ಹತ್ತಬೇಕು ಎಂಬುದು ಅವರ ನಿಲುವು. ಹಾಗಾಗಿ ಕಬುಕಿಯ ನಟರನ್ನೇ ಕ್ಯಾಂಪಸ್ಸಿಗೆ ಕರೆಸಿದರು. ಎರಡನೇ ನಕಾಮುರಾ ಮತಗೊರೊ ಬಂದು ಕಲಿಸಿದ ಮೇಲೆ 1979ರಲ್ಲಿ ವಿದ್ಯಾರ್ಥಿಗಳು ‘ಚೂಷಿಂಗುರಾ’ ಆಡಿದರು. ಸತ್ತ ಒಡೆಯನಿಗಾಗಿ ಸೇಡು ತೀರಿಸಿಕೊಳ್ಳುವ ನಲವತ್ತೇಳು ಯೋಧರ ಆ ಕಥೆ, ಅರ್ನ್ಸ್ಟ್ ಕಾಲದ ಸೆನ್ಸಾರ್ ಅತಿ ಹೆಚ್ಚು ಹೆದರಿದ್ದ ನಾಟಕಗಳಲ್ಲಿ ಒಂದು. ಅದೇ ನಾಟಕ ಹವಾಯಿಯ ಹುಡುಗ ಹುಡುಗಿಯರ ಬಾಯಲ್ಲಿ ಇಂಗ್ಲಿಷಾಗಿ ಅಮೆರಿಕದ ಬೇರೆ ಊರುಗಳಿಗೂ ಹೋಗಿ ಬಂತು.

ಕಬುಕಿಯಲ್ಲಿ ಭಾವ ಉಕ್ಕಿಬಂದ ಘಳಿಗೆಗೆ ನಟ ಇಡೀ ಮೈಯನ್ನು ಒಂದು ಭಂಗಿಯಲ್ಲಿ ಬಿಗಿದು ನಿಲ್ಲುತ್ತಾನೆ. ತಲೆ ಒಂದು ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ, ಕಣ್ಣು ಮೆಳ್ಳೆಯಾಗುತ್ತದೆ. ‘ಮಿಯೆ’ ಎನ್ನುತ್ತಾರೆ. ಅದೇ ಹೊತ್ತಿಗೆ ರಂಗದ ಒಂದು ಮೂಲೆಯಲ್ಲಿ ಮಂಡಿಯೂರಿ ಕೂತವನೊಬ್ಬ ನೆಲದ ಮೇಲಿನ ಹಲಗೆಗೆ ಎರಡು ಮರದ ತುಂಡುಗಳಿಂದ ಟಪ್ ಟಪ್ ಎಂದು ಬಡಿಯುತ್ತಾನೆ. ಪೆಟ್ಟು ಕೂದಲೆಳೆಯಷ್ಟು ತಡವಾದರೂ ಭಂಗಿ ಸತ್ತಂತೆ. ಬಡಿಯುವವನ ಕಣ್ಣು ನಟನ ಪಾದದಿಂದ ಕದಲುವ ಹಾಗಿಲ್ಲ. ಚಂಡೆಯವನೂ ವೇಷಧಾರಿಯೂ ಒಬ್ಬರ ಉಸಿರನ್ನು ಒಬ್ಬರು ಕಾಯುವುದನ್ನು ಯಕ್ಷಗಾನದಲ್ಲಿ ಕಂಡವರಿಗೆ ಈ ಹೊಂದಾಣಿಕೆ ಥಟ್ಟನೆ ಅರ್ಥವಾಗುತ್ತದೆ. ಇದನ್ನು ಉಪನ್ಯಾಸದಲ್ಲಿ ಹೇಳಿ ಮುಗಿಸಲಾಗದು. ಒಬ್ಬರು ನಿಲ್ಲಬೇಕು, ಇನ್ನೊಬ್ಬರು ಬಡಿಯಬೇಕು, ಗುರು ಪಕ್ಕದಲ್ಲಿದ್ದು ‘ಇನ್ನೊಮ್ಮೆ’ ಎನ್ನುತ್ತಲೇ ಇರಬೇಕು. ಆರು ತಿಂಗಳು ಹೋಗುವುದು ಹೀಗೆ.

ಚೀನಾದ ಜಿಂಗ್‌ಜು, ಅಂದರೆ ನಾವು ಪೀಕಿಂಗ್ ಒಪೆರಾ ಎಂದು ಕೇಳಿರುವುದು, ಈ ವಿಭಾಗಕ್ಕೆ ಬಂದದ್ದು ಎಲಿಜಬೆತ್ ವಿಕ್‌ಮನ್-ವಾಲ್ಜಾಕ್ ಅವರಿಂದ. ಅವರು ನಾನ್‌ಜಿಂಗ್ ನಗರದಲ್ಲಿ ಶೆನ್ ಷಿಯಾಮೆಯ್ ಅವರ ಬಳಿ ಕಲಿತವರು. ಶೆನ್, ಸ್ತ್ರೀಪಾತ್ರಗಳಿಗೆ ಜಗದ್ವಿಖ್ಯಾತರಾದ ಮೇ ಲಾನ್‌ಫಾಂಗ್ ಅವರ ಶಿಷ್ಯೆ. ಹವಾಯಿಯಲ್ಲಿ ಮೊದಲ ಇಂಗ್ಲಿಷ್ ಜಿಂಗ್‌ಜು ರಂಗವೇರಿದ್ದು 1985ರಲ್ಲಿ. ಆ ತಂಡ ಮರುವರ್ಷ ಚೀನಾಕ್ಕೇ ಹೋಗಿ ಆಡಿ ಬಂತು. ಅಲ್ಲಿಂದಾಚೆಗೆ ಕೆಲವು ವರ್ಷಗಳಿಗೊಮ್ಮೆ ಚೀನಾದಿಂದ ಗುರುಗಳು ಬರುವುದು, ಹೊಸ ವಿದ್ಯಾರ್ಥಿಗಳ ತಂಡ ಸಿದ್ಧವಾಗುವುದು ರೂಢಿಯಾಯಿತು. 2006ರಲ್ಲಿ ಯಾಂಗ್ ಮನೆತನದ ವೀರ ಹೆಂಗಸರ ಕಥೆ, 2010ರಲ್ಲಿ ಬಿಳಿ ಹಾವಿನ ಕಥೆ ಹೀಗೆ ಬಂದವು.

ಇಲ್ಲಿ ಭಾಷೆಯ ಕಷ್ಟ ದೊಡ್ಡದು. ಚೀನೀ ಭಾಷೆಯಲ್ಲಿ ಉಚ್ಚಾರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಜಿಂಗ್‌ಜುವಿನ ರಾಗ ಆ ಏರಿಳಿತದ ಜೊತೆಗೇ ಹೆಣೆದುಕೊಂಡದ್ದು. ಹಾಡಿನ ಸಾಲು ಸಾಮಾನ್ಯವಾಗಿ ಏಳು ಅಥವಾ ಹತ್ತು ಅಕ್ಷರ. ಹತ್ತಾದರೆ ಮೂರು, ಮೂರು, ನಾಲ್ಕು ಎಂದು ಒಡೆಯುತ್ತದೆ. ಇಂಗ್ಲಿಷಿನಲ್ಲಿ ಏರಿಳಿತಕ್ಕೆ ಆ ಕೆಲಸವಿಲ್ಲ, ಅಲ್ಲಿ ನಡೆಸುವುದು ಒತ್ತು. ಮಾತಿನ ಒತ್ತು ಬೀಳುವ ಜಾಗದಲ್ಲೇ ರಾಗದ ತೂಕವೂ ಬೀಳಬೇಕು, ಕೊನೆಯ ಅಕ್ಷರ ಎಳೆದು ಹಾಡಲು ಬರುವ ಸ್ವರವೇ ಆಗಬೇಕು, ಅರ್ಥವೂ ಕೆಡಬಾರದು. ಅನುವಾದಕ, ಸಂಗೀತಗಾರ, ಹಾಡುವವರು ಒಂದೇ ಕೋಣೆಯಲ್ಲಿ ಕೂತು ಸಾಲು ಸಾಲಾಗಿ ತಿದ್ದಿದ ಹೊರತು ಇದು ಕೂಡಿಬರುವ ಕೆಲಸವಲ್ಲ. ಪ್ರಸಂಗ ಬರೆಯುವ ನಮ್ಮ ಕವಿಗಳು ಮಟ್ಟು, ಮಾತ್ರೆ, ಪ್ರಾಸ ಮೂರನ್ನೂ ಒಟ್ಟಿಗೆ ತೂಗುವ ಶ್ರಮವನ್ನು ಬಲ್ಲವರು ಇದರ ಹಿಂದಿನ ದುಡಿಮೆಯನ್ನು ಊಹಿಸಿಕೊಳ್ಳಬಹುದು.

ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವು ಜನರ ರಂದಾಯಿ ಇನ್ನೊಂದು ಬಗೆ. ಕಿರ್ಸ್ಟಿನ್ ಪೌಕಾ ಅದನ್ನು ಅಧ್ಯಯನ ಮಾಡಿ, ಅಲ್ಲಿನ ಗುರುಗಳನ್ನು ಕರೆಸಿ ವಿದ್ಯಾರ್ಥಿಗಳಿಗೆ ಕಲಿಸಿದರು. ಆಟಗಾರರು ವೃತ್ತವಾಗಿ ಸುತ್ತುತ್ತಾರೆ. ಹೆಜ್ಜೆಗೆ ಮೂಲ ಸಿಲತ್ ಎಂಬ ಕಾಳಗದ ಕಲೆ. ತೊಡುವ ಚಲ್ಲಣ ಎಷ್ಟು ದೊಗಲೆ ಎಂದರೆ, ಕಾಲು ಅಗಲಿಸಿ ಕುಕ್ಕರಿಸಿದಾಗ ನಡುವಿನ ಬಟ್ಟೆ ಚರ್ಮವಾದ್ಯದಂತೆ ಬಿಗಿಯುತ್ತದೆ. ಅದಕ್ಕೆ ಅಂಗೈಯಿಂದ ಬಡಿದರೆ ಢಂ ಎಂದು ಸದ್ದು. ಅಷ್ಟೂ ಜನ ಒಂದೇ ಕ್ಷಣಕ್ಕೆ ಬಡಿಯಬೇಕು. ಉಡುಪೇ ವಾದ್ಯವಾಗುವ ಇಂಥ ಕಲೆಯನ್ನು ನಾನು ಬೇರೆ ಕಂಡಿಲ್ಲ.

ಪ್ರಯೋಗದ ಜೊತೆಗೆ ಸಂಶೋಧನೆಯೂ ಅಲ್ಲಿ ಸೊರಗಲಿಲ್ಲ. ಬ್ರಾಂಡನ್ 1984ರಲ್ಲಿ ಶುರುಮಾಡಿದ ‘ಏಷಿಯನ್ ಥಿಯೇಟರ್ ಜರ್ನಲ್’ ಇಂದಿಗೂ ಈ ಕ್ಷೇತ್ರದ ಮುಖ್ಯ ಪತ್ರಿಕೆ. ಯುದ್ಧಾನಂತರ ಕಬುಕಿಯನ್ನು ಉಳಿಸಿದ್ದು ಫಾಬಿಯನ್ ಬವರ್ಸ್ ಎಂಬ ಒಬ್ಬನೇ ಅಮೆರಿಕನ್ ಎಂದು ಬಹುಕಾಲ ಜನ ನಂಬಿದ್ದರು. ಬ್ರಾಂಡನ್ ಸೆನ್ಸಾರ್ ಕಡತಗಳನ್ನೇ ತೆಗೆದು ಓದಿ, ಆ ಕಥೆ ಬಹಳಷ್ಟು ಉಬ್ಬಿಸಿದ್ದೆಂದು 2006ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ವೇಷ ಕಟ್ಟಿಸುವುದನ್ನೂ ಕಡತ ಕೆದಕುವುದನ್ನೂ ಒಬ್ಬರೇ ಇಷ್ಟು ನಿಷ್ಠೆಯಿಂದ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಬಹಳ ಸಲ ಇವೆರಡೂ ಬೇರೆ ಬೇರೆ ಓಣಿಯ ಮನೆಗಳು.

ಭಾರತವೂ ಅಲ್ಲಿಗೆ ಹೋಗಿದೆ. 1974ರಲ್ಲಿ ಕೆನಡಿ ಥಿಯೇಟರಿನಲ್ಲಿ ಭಾಸನ ‘ಸ್ವಪ್ನವಾಸವದತ್ತಾ’ ಇಂಗ್ಲಿಷಿನಲ್ಲಿ ಆಯಿತು. ಆಡಿಸಿದವರು ಶಾಂತಾ ಗಾಂಧಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಭಾಸನ ‘ಮಧ್ಯಮ ವ್ಯಾಯೋಗ’ವನ್ನು ಮತ್ತೆ ರಂಗಕ್ಕೆ ತಂದವರು. ಆ ಪ್ರಯೋಗದ ಸುತ್ತ ವಿದ್ವಾಂಸರು ಸೇರಿ ನಡೆಸಿದ ಚರ್ಚೆ, 1981ರಲ್ಲಿ ಬ್ರಾಂಡನ್ ಮತ್ತು ರೇಚಲ್ ಬೌಮರ್ ಸಂಪಾದಿಸಿದ ಸಂಸ್ಕೃತ ನಾಟಕಪ್ರಯೋಗದ ಪುಸ್ತಕವಾಯಿತು.

ಯಕ್ಷಗಾನದ ನಂಟು ಹವಾಯಿಗಿಂತ, ಬ್ರಾಂಡನ್ ಮೊದಲು ಪಾಠ ಹೇಳಿದ್ದ ಮಿಷಿಗನ್ನಿನ ಜೊತೆಗೆ. ಅಲ್ಲಿಂದ ಬಂದ ಮಾರ್ಥಾ ಆಷ್ಟನ್ ಉಡುಪಿಯಲ್ಲಿ ನಿಂತು, ಮದ್ದಲೆಯ ಹಿರಿಯಡ್ಕ ಗೋಪಾಲರಾಯರ ಶಿಷ್ಯೆಯಾಗಿ, ಗೆಜ್ಜೆ ಕಟ್ಟಿ ವೇಷ ಮಾಡಿದರು. ಬಡಗುತಿಟ್ಟಿನ ಮೇಲೆ ಮಹಾಪ್ರಬಂಧ ಬರೆದರು. ಬ್ರೂಸ್ ಕ್ರಿಸ್ಟಿ ಜೊತೆ ಸೇರಿ ಅವರು 1977ರಲ್ಲಿ ತಂದ ಪುಸ್ತಕ, ಯಕ್ಷಗಾನವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಮೊದಲ ದೊಡ್ಡ ಕೆಲಸಗಳಲ್ಲೊಂದು. ಕನ್ನಡ ನಾಟಕಕ್ಕೂ ಅಮೆರಿಕದ ಕ್ಯಾಂಪಸ್ಸು ಒಮ್ಮೆ ಒದಗಿಬಂದಿದೆ. 1987-88ರಲ್ಲಿ ಗಿರೀಶ ಕಾರ್ನಾಡರು ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ, ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದ ‘ನಾಗಮಂಡಲ’ ಹುಟ್ಟಿತು. ಇಂಗ್ಲಿಷಿನಲ್ಲಿ ಅದು ಮೊದಲು ರಂಗ ಕಂಡದ್ದೂ ಅಲ್ಲೇ. ಐದು ವರ್ಷದ ಬಳಿಕ ಮಿನಿಯಾಪೊಲಿಸ್ಸಿನ ಗಥ್ರಿ ಥಿಯೇಟರ್ ಅದನ್ನು ಎತ್ತಿಕೊಂಡಿತು. ಟಿಕೆಟ್ ಮಾರಾಟದ ಹಂಗಿಲ್ಲದ ವಿಶ್ವವಿದ್ಯಾಲಯದ ರಂಗ ಹೊಸ ನಾಟಕಕ್ಕೆ ಮೊದಲ ನೆಲೆ ಕೊಡಬಲ್ಲದು.

ಹವಾಯಿಯ ವಿಭಾಗಕ್ಕೆ ಹಾಕಬಹುದಾದ ಗಟ್ಟಿ ಪ್ರಶ್ನೆಯೊಂದಿದೆ. ದ್ವೀಪದ ಸ್ವಂತ ಜನರ ನಾಟಕ ಎಲ್ಲಿ? ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಬಂದ ಜಪಾನೀಯರ, ಚೀನೀಯರ ಮೊಮ್ಮಕ್ಕಳು ಕ್ಯಾಂಪಸ್ಸಿನ ರಂಗದಲ್ಲಿ ಅಜ್ಜಂದಿರ ಕಲೆ ಕಂಡರು, ಸರಿ. ತೋಟಗಳಲ್ಲಿ ಹತ್ತು ಭಾಷೆ ಬೆರೆತು ಹುಟ್ಟಿದ ‘ಪಿಜಿನ್’ ಎಂಬ ಆಡುಮಾತಿಗೂ ಒಂದು ದಾರಿ ಸಿಕ್ಕಿತು. ವಿಭಾಗದ ಅಧ್ಯಾಪಕ ಡೆನಿಸ್ ಕ್ಯಾರಲ್ ಮತ್ತು ವಿದ್ಯಾರ್ಥಿಗಳು 1971ರಲ್ಲಿ ಕುಮು ಕಹುವಾ ಎಂಬ ತಂಡ ಕಟ್ಟಿ, ಸ್ಥಳೀಯ ಲೇಖಕರ ನಾಟಕಗಳನ್ನು ಆಡತೊಡಗಿದರು. ಅದು ಇಂದಿಗೂ ಹೊನೊಲುಲುವಿನಲ್ಲಿ ನಡೆಯುತ್ತಿದೆ. ಆದರೆ ಹವಾಯಿಯನ್ ಭಾಷೆ?

1893ರಲ್ಲಿ ಹವಾಯಿಯ ರಾಣಿಯನ್ನು ಪಟ್ಟದಿಂದ ಇಳಿಸಲಾಯಿತು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಮಾಧ್ಯಮ ಮಾಡಿತು. ಎರಡು ವರ್ಷದ ಮೇಲೆ ದ್ವೀಪಗಳು ಅಮೆರಿಕದ ಪಾಲಾದವು. ಆ ನುಡಿ ಮತ್ತೆ ಅಧಿಕೃತ ಭಾಷೆಯಾಗಲು 1978ರವರೆಗೆ ಕಾಯಬೇಕಾಯಿತು. ಕೆನಡಿ ಥಿಯೇಟರಿನ ಮುಖ್ಯ ರಂಗದಲ್ಲಿ ಹವಾಯಿಯನ್ ಭಾಷೆಯ ನಾಟಕ ಬಂದದ್ದಂತೂ 2015ರಲ್ಲಿ. ಬೇರೆಯವರ ಕಲೆಗೆ ಇಷ್ಟು ಗೌರವದಿಂದ ಬಾಗಿಲು ತೆರೆದ ರಂಗ, ನಿಂತ ನೆಲದ ನುಡಿಗೆ ಅರ್ಧ ಶತಮಾನ ಬಿಟ್ಟು ಬಾಗಿಲು ತೆರೆಯಿತು. ಅಷ್ಟು ತಡವಾಗಬಾರದಿತ್ತು. ಆದರೆ ಬಂದ ಬಗೆ ಚೆನ್ನಾಗಿತ್ತು. ಆ ನಾಟಕ ‘ಲಾಯಿಎಇಕಾವಾಯಿ’ಯ ಮೂಲ, ಹತ್ತೊಂಬತ್ತನೇ ಶತಮಾನದಲ್ಲಿ ಹಲೆಓಲೆ ಹವಾಯಿಯನ್ ಭಾಷೆಯಲ್ಲಿ ಬರೆದು ಅಚ್ಚು ಹಾಕಿಸಿದ ಕಥೆ. ಅದನ್ನು ನಾಟಕವಾಗಿ ಬರೆದು ನಿರ್ದೇಶಿಸಿದವರು ಟಾಮಿ ಹೈಲಿಓಪುವಾ ಬೇಕರ್. ಹಾಡು, ಮಂತ್ರಪಠನ, ಹುಲಾ ನೃತ್ಯ, ಸಂಭಾಷಣೆ ಎಲ್ಲವನ್ನೂ ಹೊಂದಿಸಿದ ಈ ರಂಗಪ್ರಕಾರಕ್ಕೆ ಅವರು ‘ಹಾನಾ ಕೆಆಕಾ’ ಎಂಬ ಹೆಸರಿನಲ್ಲಿ ವಿಭಾಗದೊಳಗೇ ಸ್ನಾತಕೋತ್ತರ ಕೋರ್ಸು ಕಟ್ಟಿದರು. ಹೊರಗಿನ ಗುರುಗಳ ಮುಂದೆ ತಿಂಗಳುಗಟ್ಟಲೆ ಕೂತು ಕಲಿಯುವ ವಿಭಾಗದ ಹಳೆಯ ಶಿಸ್ತೇ ಇಲ್ಲಿಯೂ ಕೆಲಸಕ್ಕೆ ಬಂತು. ಗುರುಗಳು ಮಾತ್ರ ಈ ಸಲ ದ್ವೀಪದವರೇ.

ಬೇಕರ್ ಅವರದೇ ‘ಆಉಆ ಇಆ’ ನಾಟಕ 2019ರಲ್ಲಿ ಬಂತು. ವಿಶ್ವವಿದ್ಯಾಲಯದ ಇಬ್ಬರು ಎಳೆಯರು ಹಳೆಯ ದಾಖಲೆಗಳನ್ನು ತಡಕುತ್ತ ತಮ್ಮ ಜನರ 1890ರ ದಶಕದ ಚರಿತ್ರೆಯನ್ನು ಕಂಡುಕೊಳ್ಳುವುದು ಅದರ ವಸ್ತು. ಅಮೆರಿಕಕ್ಕೆ ಸೇರುವುದು ನಮಗೆ ಒಪ್ಪಿಗೆಯಿಲ್ಲ ಎಂದು 1897ರಲ್ಲಿ 21,000ಕ್ಕೂ ಹೆಚ್ಚು ಹವಾಯಿಯನ್ನರು ಅರ್ಜಿಗೆ ಸಹಿ ಹಾಕಿದ್ದರು. ಆ ಹಾಳೆಗಳು ವಾಷಿಂಗ್ಟನ್ನಿನ ಸರ್ಕಾರಿ ಪತ್ರಾಗಾರದಲ್ಲಿ ಸುಮಾರು ನೂರು ವರ್ಷ ಯಾರ ನೆನಪಿಗೂ ಬಾರದೆ ಬಿದ್ದಿದ್ದವು. 1990ರ ದಶಕದಲ್ಲಿ ಅವನ್ನು ಹುಡುಕಿ ಬೆಳಕಿಗೆ ತಂದ ನೋಯೆನೋಯೆ ಸಿಲ್ವಾ ಇದೇ ವಿಶ್ವವಿದ್ಯಾಲಯದ ವಿದ್ವಾಂಸೆ. 2020ರ ಜನವರಿಯಲ್ಲಿ ಆ ನಾಟಕವನ್ನು ವಿದ್ಯಾರ್ಥಿಗಳು ನ್ಯೂಯಾರ್ಕಿಗೆ ಒಯ್ದು, ತಮ್ಮ ಭಾಷೆಯಲ್ಲೇ ಆಡಿದರು.