ಆಹಾರಪರೀಕ್ಷೆಯಲ್ಲಿ ಅನ್ವಯ-ವ್ಯತಿರೇಕಗಳು

ಕಾರಣವಿದ್ದಲ್ಲಿ ಕಾರ್ಯವುಂಟಾಗುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಕಾರ್ಯಕಾರಣಭಾವದ ನಿರ್ಣಯಕ್ಕೆ ಇವೆರಡೂ ಬೇಕೆಂಬುದು ತರ್ಕವನ್ನು ಬಲ್ಲವರಿಗೆ ವಿದಿತವೇ ಆಗಿದೆ. ದೇಹಕ್ಕೆ ಒಗ್ಗದ ಆಹಾರವನ್ನು ಕಂಡುಹಿಡಿಯಲು ವೈದ್ಯರು ಅನುಸರಿಸುವ ಕ್ರಮವು ಈ ನ್ಯಾಯಕ್ಕೆ ಒಳ್ಳೆಯ ನಿದರ್ಶನವಾಗಿದೆ. ಸಂದೇಹಾಸ್ಪದವಾದ ಪದಾರ್ಥಗಳನ್ನು ಕೆಲವು ವಾರ ವರ್ಜಿಸುವುದು ಅದರ ಮೊದಲನೆಯ ಅಂಗ. ಅವನ್ನು ಒಂದೊಂದಾಗಿ ಮರಳಿ ಸೇವಿಸಿ ನೋಡುವುದು ಎರಡನೆಯದು. ಅಮೆರಿಕದ ವೈದ್ಯನಾದ ಆಲ್ಬರ್ಟ್ ರೋ ಎಂಬಾತನು 1920ರ ದಶಕದಿಂದ ಈ ವರ್ಜನಕ್ರಮವನ್ನು ಪ್ರಚಾರಕ್ಕೆ ತಂದನು. ಗೂಢಲಕ್ಷಣಗಳುಳ್ಳ ವ್ಯಾಧಿಯನ್ನು ಉಪಶಯ-ಅನುಪಶಯಗಳಿಂದ, ಎಂದರೆ ಹಿತವಾದುದೇನು, ಅಹಿತವಾದುದೇನು ಎಂಬುದನ್ನು ನೋಡಿ, ತಿಳಿಯಬೇಕೆಂದು ಚರಕಸಂಹಿತೆಯೂ ಹೇಳುತ್ತದೆ.

ವರ್ಜನವೊಂದೇ ವ್ಯತಿರೇಕವನ್ನು ಮಾತ್ರ ತೋರಿಸಬಲ್ಲುದು. ಹಾಲು, ಗೋಧಿ, ಮೊಟ್ಟೆಗಳನ್ನು ಒಟ್ಟಿಗೆ ಬಿಟ್ಟವನ ಹೊಟ್ಟೆನೋವು ಶಮನವಾದರೆ, ಮೂರರಲ್ಲಿ ದೋಷಿ ಯಾವುದೆಂಬುದು ತಿಳಿಯದು. ರೋಗವು ತಾನಾಗಿಯೇ ಇಳಿದಿದ್ದಲ್ಲಿ ಆ ಶಮನವು ಕಾಕತಾಳೀಯವೇ ಸರಿ.

ಇದಕ್ಕೆ ಹಾಲೆಂಡಿನ ಒಂದು ಉದಾಹರಣೆಯುಂಟು. ಸೀಲಿಯಾಕ್ ಎಂಬ ಕರುಳಿನ ವ್ಯಾಧಿಗೆ ಗೋಧಿಯೇ ಕಾರಣವಿರಬಹುದೆಂದು ಮಕ್ಕಳ ವೈದ್ಯನಾದ ವಿಲ್ಲೆಮ್ ಡಿಕ್ಕೆ ಶಂಕಿಸಿದ್ದನು. 1944-45ರ ಚಳಿಗಾಲದ ಕ್ಷಾಮದಲ್ಲಿ ರೊಟ್ಟಿಯು ದುರ್ಲಭವಾದಾಗ ಅಂತಹ ಮಕ್ಕಳು ಚೇತರಿಸಿಕೊಂಡರು. ರೊಟ್ಟಿ ಮರಳಿದಾಗ ವ್ಯಾಧಿಯೂ ಮರಳಿತು. ಗೋಧಿಯನ್ನು ಬಿಡಿಸಿಯೂ ಕೊಟ್ಟೂ ಮಾಡಿದ ಪರೀಕ್ಷೆಗಳನ್ನು ಅವನು 1950ರ ತನ್ನ ಪ್ರಬಂಧದಲ್ಲಿ ವಿವರಿಸಿದನು. ಶಂಕೆಯು ಸಿದ್ಧಾಂತವಾದುದು ಈ ಪುನರಾವೃತ್ತಿಯಿಂದಲೇ.

ಪುನಃಸೇವನಕ್ಕೂ ನಿಯಮಗಳಿವೆ. ಒಂದು ಸಲಕ್ಕೆ ಒಂದೇ ಪದಾರ್ಥವನ್ನು ತೆಗೆದುಕೊಳ್ಳತಕ್ಕದ್ದು; ಅಲ್ಪಪ್ರಮಾಣದಿಂದ ಆರಂಭಿಸಿ ಸುಮಾರು 3 ದಿನ ಹೆಚ್ಚಿಸುತ್ತ ಹೋಗಿ, ಲಕ್ಷಣಗಳನ್ನು ಬರೆದಿಡತಕ್ಕದ್ದು. ಬಳಿಕ ಕೆಲವು ದಿನ ಬಿಡುವು ಕೊಟ್ಟು ಮುಂದಿನದಕ್ಕೆ ಕೈಹಾಕಬೇಕು. ಇಲ್ಲವಾದರೆ ಒಂದರ ಫಲವು ಮತ್ತೊಂದರ ಮೇಲೆ ಆರೋಪಿತವಾಗುವುದು. ಭಯವೂ ನೋವನ್ನು ಹುಟ್ಟಿಸಬಲ್ಲುದಾದ್ದರಿಂದ, ಕೊಟ್ಟುದೇನೆಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಮರೆಮಾಡಿ ಮಾಡುವ ಪರೀಕ್ಷೆಯೇ ಹೆಚ್ಚು ಪ್ರಮಾಣವೆನಿಸಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಸೇವಿಸಿದೊಡನೆ ಉಸಿರು ಕಟ್ಟುವುದು, ಮುಖ ಊದುವುದು ಮೊದಲಾದುವನ್ನು ಒಮ್ಮೆ ಕಂಡವರು ಮನೆಯಲ್ಲಿ ಈ ಪರೀಕ್ಷೆಯನ್ನು ಮಾಡಲೇಕೂಡದು. ಅದು ಆಸ್ಪತ್ರೆಯಲ್ಲಿ ವೈದ್ಯರ ಸಮ್ಮುಖದಲ್ಲಿ ನಡೆಯತಕ್ಕದ್ದು. ಸೀಲಿಯಾಕ್ ವ್ಯಾಧಿಯ ಶಂಕೆಯಿದ್ದವರು ರಕ್ತಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟರೆ ವ್ಯಾಧಿಯ ಗುರುತೇ ಮರೆಯಾಗಬಹುದು.

ವರ್ಜನದಿಂದ ಸುಖ ಕಂಡವರು ಅಲ್ಲಿಯೇ ನಿಂತುಬಿಡುವುದುಂಟು. ಆಗ ನಿರ್ದೋಷವಾದ ಆಹಾರವೂ ಬಹಿಷ್ಕೃತವಾಗಿ ಶರೀರದ ಪೋಷಣೆಗೆ ಕೊರತೆಯುಂಟಾಗುವುದು. ಬಿಟ್ಟುದೆಲ್ಲವೂ ಆರೋಪಿಯೇ ಹೊರತು ಅಪರಾಧಿಯಲ್ಲ. ಅದರಲ್ಲಿ ದೋಷ ಕಾಣದುದನ್ನು ಮರಳಿ ಎಲೆಗೆ ಬರಮಾಡಿಕೊಂಡಾಗಲೇ ಪರೀಕ್ಷೆಯು ಮುಗಿಯಿತೆಂದು ತಿಳಿಯಬೇಕು.